ಜನರೇಟರಿನ ಅಳತೆ ಹೇಳಿದವರು

ಅವರು ತೀರಿಕೊಂಡ ಸುದ್ದಿ ನಮ್ಮ ಮನೆಗೆ ಬಂದದ್ದು ಮೂರು ವಾರ ತಡವಾಗಿ. ನನ್ನ ಗಂಡ ಕಾರವಾರದ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಯಾರೋ ಹೇಳಿದ್ದನ್ನು ಕೇಳಿಕೊಂಡು ಬಂದು, ಚಪ್ಪಲಿ ಬಿಡುವ ಮೊದಲೇ, "ಜನರೇಟರ್‌ನವ್ರು ಹೋದ್ರಂತೆ" ಎಂದರು. ಕಾಯಿ ತುರಿಯುತ್ತಿದ್ದ ನನ್ನ ಕೈ ನಿಂತಿತು. ಹೆಸರು ಹೇಳುವ ಅಗತ್ಯ ಇಬ್ಬರಿಗೂ ಇರಲಿಲ್ಲ. ಅವರಿದ್ದಾಗಲೂ ನಾವು ಅವರನ್ನು ಹೆಸರು ಹಿಡಿದು ಕರೆದವರಲ್ಲ. ಅವರು ನಮ್ಮ ಹಿತ್ತಿಲಲ್ಲಿ ಓಡಾಡಿದ್ದು ಒಂದು ಮಳೆಗಾಲ, ಆಮೇಲೊಂದು ಸಲ, ಎಲ್ಲ ಸೇರಿಸಿದರೂ ಹತ್ತು ದಿನ ಆಗಲಿಕ್ಕಿಲ್ಲ. ನನ್ನ ಸ್ವಂತ ಸೋದರಮಾವನ ಮುಖ ಈಗ ಸರಿಯಾಗಿ ನೆನಪಾಗುವುದಿಲ್ಲ. ಇವರು ಮಳೆನೀರು ತೊಟ್ಟಿಕ್ಕುವ ಕೊಡೆಯನ್ನು ಜಗುಲಿಯ ಹೊರಗೇ ಮಡಚಿ, ಅದರ ಹಿಡಿಕೆಯನ್ನು ಗೋಡೆಗೆ ತಾಗದಂತೆ ನಿಲ್ಲಿಸುತ್ತಿದ್ದ ರೀತಿ ಮಾತ್ರ ಹಾಗೆಯೇ ಕಣ್ಣ ಮುಂದಿದೆ.

ನಮ್ಮ ಮನೆ ಅಂಕೋಲಾ ಪೇಟೆ ದಾಟಿ ಹಟ್ಟಿಕೇರಿಯ ಕಡೆಗೆ ಹೋಗುವ ದಾರಿಯಲ್ಲಿದೆ. ಆ ವರ್ಷ ಮೇ ತಿಂಗಳಲ್ಲಿ ಅತ್ತೆಯನ್ನು ಆಸ್ಪತ್ರೆಯಿಂದ ಮನೆಗೆ ತಂದಿದ್ದೆವು. ಭತ್ತ ಬೇಯಿಸುವ ಒಲೆಯ ಹೊಗೆಯನ್ನು ನಲವತ್ತು ವರ್ಷ ನುಂಗಿದ ಎದೆ ಅದು. ಇನ್ನು ಹಗಲೂ ರಾತ್ರಿ ಆಮ್ಲಜನಕ ಬೇಕು, ಮನೆಯಲ್ಲೇ ಕೊಡಿ ಎಂದು ಡಾಕ್ಟರು ಹೇಳಿದ್ದರು. ಹುಬ್ಬಳ್ಳಿಯಿಂದ ಬಾಡಿಗೆಗೆ ಒಂದು ಯಂತ್ರ ಬಂತು. ಚಕ್ರವಿರುವ ಸಣ್ಣ ಕಪಾಟಿನಂಥದ್ದು. ಅತ್ತೆಯ ಮಂಚದ ಪಕ್ಕ ಗುರುಗುಟ್ಟುತ್ತ ನಿಂತು ಕೋಣೆಯ ಗಾಳಿಯನ್ನೇ ಸೋಸಿ, ಮೂಗಿನ ನಳಿಕೆಯಲ್ಲಿ ಕೊಡುತ್ತಿತ್ತು. ಅದಕ್ಕೆ ಕರೆಂಟು ಬೇಕು. ಕರೆಂಟು ಹೋದರೆ ಮೂಲೆಯಲ್ಲಿ ಒಂದು ಸಣ್ಣ ಸಿಲಿಂಡರ್ ಇತ್ತು, ತುಂಬಿದ್ದರೆ ಐದಾರು ತಾಸಿಗೆ. ನಮ್ಮ ಕಡೆ ಮಳೆಗಾಲದಲ್ಲಿ ಲೈನಿನ ಮೇಲೆ ಒಂದು ಮರ ಬಿತ್ತೆಂದರೆ ಎರಡು ದಿನ ಕತ್ತಲೆ. ಜೂನ್ ತಿಂಗಳ ಮೊದಲ ಮೋಡ ಕಂಡಾಗಿನಿಂದ ನಾನು ಆಕಾಶ ನೋಡುವುದು, ಒಳಗೆ ಬಂದು ಸಿಲಿಂಡರಿನ ಮುಳ್ಳು ನೋಡುವುದು, ಇದನ್ನೇ ಮಾಡುತ್ತಿದ್ದೆ.

ಅದಕ್ಕೇ ಜನರೇಟರು. ಕಾರವಾರದ ಒಂದು ಅಂಗಡಿಯಲ್ಲಿ ಕೇಳಿದಾಗ, ಎಷ್ಟು ದೊಡ್ಡದು ಬೇಕೆಂದು ನೋಡಲು ನಮ್ಮ ಮನುಷ್ಯ ಬರುತ್ತಾರೆ ಎಂದರು. ಹಾಗೆ ಬಂದವರು ಇವರು.

ಅರವತ್ತು ದಾಟಿದ ವಯಸ್ಸು. ನೀಲಿ ಹಾಕಿ ತೊಳೆದ ಅರ್ಧ ತೋಳಿನ ಅಂಗಿ, ಕಿಸೆಯಲ್ಲಿ ಪೆನ್ನಿನ ಜಾಗದಲ್ಲಿ ಟೆಸ್ಟರು. ಉಗುರಿನ ಸಂದಿಯಲ್ಲಿ ಡೀಸೆಲ್ಲಿನ ಕಪ್ಪು. ಯಾವ ಸಾಬೂನಿಗೂ ಹೋಗುವ ಕಪ್ಪಲ್ಲ ಅದು. ಬೈತಖೋಲ ಬಂದರಿನ ಟ್ರಾಲರುಗಳಲ್ಲಿ ಇಪ್ಪತ್ತೈದು ವರ್ಷ ಇಂಜಿನ್ ನೋಡಿಕೊಂಡಿದ್ದರಂತೆ. ಆ ಸದ್ದಿಗೆ ಕಿವಿ ಮುಕ್ಕಾಲು ಹೋಗಿತ್ತು. ಅವರ ಊರನ್ನು ಸರಕಾರ ನೌಕಾನೆಲೆಗೆಂದು ತೆಗೆದುಕೊಂಡ ಮೇಲೆ ತೋಡೂರಿನಲ್ಲಿ ಮನೆ ಕಟ್ಟಿಕೊಂಡಿದ್ದರು. "ಸಮುದ್ರ ಬಿಟ್ಟದ್ದಲ್ಲ, ಬಿಡ್ಸಿದ್ದು" ಎಂದು ಒಮ್ಮೆ ಅಂದರು, ಮತ್ತೆ ಆ ಮಾತೆತ್ತಲಿಲ್ಲ.

ಮೊದಲ ದಿನ ನನ್ನ ಗಂಡ ಜಗುಲಿಯಲ್ಲಿ ಕುರ್ಚಿ ಹಾಕಿ, "ಐದು ಕೆವಿಎ ಸಾಕಾಗ್ಬಹುದು ಅಲ್ವಾ?" ಎಂದು ಶುರುಮಾಡಿದರು. ಅವರು ಕುಳಿತುಕೊಳ್ಳಲೇ ಇಲ್ಲ.

"ಸಾಹೇಬ್ರೆ, ಮನೇಲಿ ಮಿಕ್ಸರ್ ಹಾಕೂದು ಯಾರು?"

"ಹೆಂಡ್ತಿ."

"ಹಂಗಾರೆ ಅವ್ರನ್ನೇ ಕರೀರಿ. ನಿಮ್ಗೆ ಕೇಳಿ ಉಪಯೋಗ ಇಲ್ಲ."

ನನ್ನ ಗಂಡ ಪೇಪರು ಬಿಡಿಸಿಕೊಂಡರು. ಇವರು ಅಡುಗೆಮನೆಯ ಹೊಸ್ತಿಲಿನಲ್ಲೇ ಕುಕ್ಕರಗಾಲಲ್ಲಿ ಕುಳಿತು, ನನ್ನ ಕೈಗೆ ಒಂದು ಹಾಳೆ ಕೊಟ್ಟು ಬರೆಯಿರಿ ಎಂದರು. ಮನೆಯಲ್ಲಿ ಕರೆಂಟಿನಿಂದ ನಡೆಯುವುದೆಲ್ಲ, ಒಂದೂ ಬಿಡದೆ. ಪ್ರತಿಯೊಂದರ ಮುಂದೆ ಎಷ್ಟು ವಾಟ್ ಎಂದು ಅವರು ಹೇಳುತ್ತಿದ್ದರು, ಕರೆಂಟು ಹೋದಾಗ ಅದು ಬೇಕೋ ಬೇಡವೋ ಎಂದು ನಾನು ಹೇಳಬೇಕಿತ್ತು. ಅತ್ತೆಯ ಯಂತ್ರ ನಾನೂರು, ಬೇಕು. ಮೂರು ಫ್ಯಾನು, ನಾಲ್ಕು ಟ್ಯೂಬ್‌ಲೈಟು, ಬೇಕು. ಇಸ್ತ್ರಿ ಪೆಟ್ಟಿಗೆ, ಬೇಡ. ಫ್ರಿಜ್ ಎಂದಾಗ ನಾನು ಅನುಮಾನಿಸಿದೆ.

"ಔಷಧಿ ಅದ್ಯಾ ಅದ್ರಲ್ಲಿ?"

"ಅದೆ."

"ಹಂಗಾರೆ ಬೇಕು. ತಂಗಿ, ಒಂದು ತಿಳ್ಕೊಳ್ಳಿ. ನೆಲದ ಮೇಲೆ ಕೂತವ ಏಳೂವಾಗ ಮೊಣಕಾಲಿಗೆ ಕೈ ಕೊಡ್ತಾನೆ. ನಡೂಕೆ ಶುರು ಮಾಡಿದ ಮೇಲೆ ಕೈ ಬೇಡ. ಮೋಟ್ರ್ ಇರೂದೆಲ್ಲ ಹಂಗೇ. ಫ್ರಿಜ್ಜು, ಆಯಿಯ ಮಶೀನು, ಎಲ್ಲ ಏಳೂವಾಗ ಎರಡು-ಮೂರು ಪಟ್ಟು ಎಳೀತವೆ. ಜನರೇಟರ್ ಬೀಳೂದು ಆ ಒಂದು ಗಳಿಗೇಲೇ."

ಅಂಗಡಿಯಲ್ಲಿ ಐದು ಕೆವಿಎ ಮಾರಿದರೆ ಯಜಮಾನರಿಗೆ ಖುಷಿ ಅಲ್ಲವೇ ಎಂದು ನಾನು ಕೇಳಿದೆ. ಅವರು ನಕ್ಕರು. "ಅವ್ರು ಬೈತ್ರು. ನೀ ಮಾರೂಕೆ ಹೋಗಿದ್ಯಾ, ಬೇಡ ಅನ್ನೂಕೆ ಹೋಗಿದ್ಯಾ ಅಂತ. ದೇವಬಾಗದಲ್ಲಿ ಲಾಡ್ಜಿನವ್ರು ಒಬ್ರು ನನ್ನ ಮಾತು ಕೇಳ್ದೆ ಮದುವೆ ಮನೆಗೆ ಹಾಕೂವಂಥದ್ದು ತಂದಿಟ್ರು. ಟೂರಿಸ್ಟ್ ಸೀಸನ್ ಮುಗಿದ ಮೇಲೆ ಅದ್ರಲ್ಲಿ ಎರಡು ಲೈಟು, ಒಂದು ಫ್ಯಾನು. ಆರು ತಿಂಗ್ಳಿಗೆ ಹೊಗೆ ಕೊಳವೇಲಿ ಕರಿ ಎಣ್ಣೆ ಸೋರೂಕೆ ಶುರು. ಡೀಸೆಲ್ ಇಂಜಿನ್ನಿಗೆ ಹೊಟ್ಟೆ ತುಂಬಾ ಕೆಲಸ ಬೇಕು ತಂಗಿ, ಇಲ್ಲಾಂದ್ರೆ ಅದು ಮಸಿ ಕಟ್ಕಂಡು ಸಾಯ್ತದೆ. ಸಣ್ಣದು ತಂದ್ರೆ ಅಂದೇ ಗೊತ್ತಾಗ್ತದೆ. ದೊಡ್ಡದು ತಂದ್ರೆ ಬೇಕಾದ ದಿವ್ಸ ಗೊತ್ತಾಗ್ತದೆ."

ಆಮೇಲೆ ಹಾಳೆಯನ್ನು ತಿರುಗಿಸಿ ನೋಡಿ ಕೇಳಿದರು. "ಎಲ್ಲಾ ಬರೆದ್ರಾ?"

ನನ್ನ ಪೆನ್ನು ನಿಂತಿತು.

ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಮನೆಯ ಗೋಡೆಯಾಚೆ ಇರುವುದು ನನ್ನ ಗಂಡನ ಅಣ್ಣ, ನನ್ನ ಭಾವನವರ ಮನೆ. ಮೊದಲು ಒಂದೇ ಮನೆ, ಎರಡು ವರ್ಷದ ಹಿಂದೆ ಪಾಲಾಯಿತು. ಗೋಡೆ ಎಲ್ಲಿ ಬರಬೇಕು ಎಂಬ ಒಂದು ಮೊಳದ ಮಾತಿಗೆ ಅಣ್ಣ ತಮ್ಮ ಮಾತು ಬಿಟ್ಟರು. ಒಲೆ ಬೇರೆಯಾದರೂ ಬಾವಿ ಬೇರೆ ಆಗಬಾರದು ಎಂದು ಅತ್ತೆ ಹಠ ಹಿಡಿದಿದ್ದರು. ನಮ್ಮ ಕಡೆಯ ಮನೆತನಗಳಲ್ಲಿ ಹಾಗೆಯೇ. ಎಲ್ಲ ಪಾಲಾದರೂ ಬಾವಿ ಒಂದೇ ಉಳಿಯುತ್ತದೆ. ಬಾವಿಯ ಪಂಪಿನ ಸ್ವಿಚ್ಚು ಭಾವನವರ ಹಿತ್ತಿಲ ಜಗುಲಿಯಲ್ಲಿ, ಕರೆಂಟು ಹಳೆಯ ಮೀಟರಿನಿಂದ, ಅಂದರೆ ನಮ್ಮದರಿಂದ. ಎರಡೂ ಮನೆಯ ಟ್ಯಾಂಕಿಗೆ ನೀರು ಏರಿಸುವವಳು ನನ್ನ ಓರಗಿತ್ತಿ, ದಿನವೂ ಹನ್ನೊಂದೂವರೆಗೆ. ಇದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ. ಮಾತಾಡದೇ ಇರುವುದರಿಂದಲೇ ಅಷ್ಟೊಂದು ಸಂಬಂಧ ಉಳಿದಿತ್ತು.

ಪಟ್ಟಿಯಲ್ಲಿ ಪಂಪು ಎಂದು ಬರೆದರೆ ಜಗುಲಿಯಲ್ಲಿ ಪೇಪರು ಓದುತ್ತಿರುವವರು ಏನನ್ನುತ್ತಾರೆ? ನಾನು ಅತ್ತ ನೋಡಿದೆ. ಅವರು ಪುಟ ತಿರುಗಿಸಿದರು. ಕಾನ್ವೆಂಟಿನಲ್ಲಿ ನೀತಿಪಾಠ ಹೇಳುತ್ತಿದ್ದ ಸಿಸ್ಟರ್, ಹೇಳದೇ ಬಿಡುವುದೂ ಸುಳ್ಳೇ ಎಂದು ನಮ್ಮಿಂದ ಬರೆಸಿದ್ದರು. ಆ ಶಾಲೆಯ ದುಂಡಗಿನ ಅಕ್ಷರದಲ್ಲೇ ನಾನು ಪಟ್ಟಿಯ ಕೆಳಗೆ ಗೆರೆ ಎಳೆದೆ.

"ಇಷ್ಟೇ."

"ಇಷ್ಟೇ ಆದ್ರೆ ಎರಡೂವರೆ ಕೆವಿಎ" ಎಂದರು. "ಆದ್ರೆ ನಾ ಹಾಳೆ ನಂಬೂದಿಲ್ಲ. ತಂದು ಓಡ್ಸಿ ನೋಡಿಯೇ ಹೇಳೂದು. ಬರೆದದ್ದು ಎಷ್ಟಿದ್ರೂ ಲೆಕ್ಕ ಸಿಗ್ತದೆ. ಬೀಳ್ಸೂದು ಬರೆಯದೇ ಇದ್ದದ್ದು."

ಅದು ಅವರು ಪ್ರತಿ ಮನೆಯಲ್ಲೂ ಹೇಳುವ ಮಾತು ಎಂದು ಆಮೇಲೆ ಗೊತ್ತಾಯಿತು. ಅಂದು ಮಾತ್ರ ನನಗೇ ಹೇಳಿದಂತಾಗಿ ಕಿವಿ ಬಿಸಿಯಾಯಿತು.

ನಾಲ್ಕು ದಿನ ಬಿಟ್ಟು ಟೆಂಪೋದಲ್ಲಿ ಜನರೇಟರು ತಂದರು. ಹತ್ತಕ್ಕೆ ಬರುತ್ತೇನೆ ಎಂದವರು ಹತ್ತಕ್ಕೇ ಬಂದರು. ಹತ್ತೂವರೆಗೆ ಪರೀಕ್ಷೆ ಮುಗಿದುಹೋದರೆ ಹನ್ನೊಂದೂವರೆಯ ಭಯವಿಲ್ಲ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಆದರೆ ಅವರು ಅದನ್ನು ಇಡಲು ಒಂದು ತಾಸು ತೆಗೆದುಕೊಂಡರು. ಮಳೆ ತಾಗದಂತೆ ಹಿಂದಿನ ಜಗುಲಿಯಲ್ಲೇ ಇಡಿ ಎಂದು ನನ್ನ ಗಂಡ ಅಂದರೆ, ಅವರು ಒಂದು ಊದುಬತ್ತಿ ಕೇಳಿ ಹಚ್ಚಿ, ಅದರ ಹೊಗೆ ಎತ್ತ ಹೋಗುತ್ತದೆ ಎಂದು ನೋಡುತ್ತ ಹಿತ್ತಿಲೆಲ್ಲ ತಿರುಗಿದರು.

"ಪಡುವಣ ಗಾಳಿ. ಇಲ್ಲಿಟ್ರೆ ಹೊಗೆ ಸೀದಾ ಆಯಿ ಕೋಣೆಗೆ. ಆ ಮಶೀನಿಗೇನು ಗೊತ್ತು? ಹೊಗೆನೇ ಸೋಸಿ ಕೊಡ್ತದೆ."

ಕೊನೆಗೆ ಹಲಸಿನ ಮರದಾಚೆ, ಮನೆಯಿಂದ ದೂರದಲ್ಲಿ, ಮೂರು ಕಲ್ಲಿನ ಮೇಲೆ ಇಟ್ಟು, ಮೇಲೆ ತಗಡು ಹೊದಿಸಿದರು. ಮೇನ್ ಸ್ವಿಚ್ಚು ತೆಗೆದು, ಮನೆಗೆ ಜನರೇಟರಿನ ಕರೆಂಟು ಕೊಟ್ಟಾಗ ಗೋಡೆಯ ಗಡಿಯಾರದಲ್ಲಿ ಹನ್ನೊಂದು ಗಂಟೆ ಹತ್ತು ನಿಮಿಷ.

ಮೊದಲು ಅತ್ತೆಯ ಯಂತ್ರ. ಆಮೇಲೆ ಫ್ಯಾನು, ಲೈಟು. ಕೊನೆಗೆ ಫ್ರಿಜ್. ಈ ಕ್ರಮ ತಪ್ಪಬಾರದು ಎಂದು ನನ್ನಿಂದ ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿಯ ತುಂಡುಗಳ ಮೇಲೆ ಒಂದು, ಎರಡು, ಮೂರು ಎಂದು ಬರೆಸಿ ಸ್ವಿಚ್ಚುಗಳ ಮೇಲೆ ಅಂಟಿಸಿದರು. ಎಲ್ಲವೂ ನಡೆಯಿತು. ಅತ್ತೆ ಕಣ್ಣು ಮುಚ್ಚಿ ಮಲಗಿದ್ದರು. ಹೊರಗೆ ಜನರೇಟರ್‌ನವರು ಮಳೆಯಲ್ಲೇ ಜನರೇಟರಿನ ಪಕ್ಕ ಕುಳಿತು, ಅದರ ಮೈಮೇಲೆ ಅಂಗೈ ಇಟ್ಟುಕೊಂಡಿದ್ದರು. ಕಿವಿ ಕೇಳದವರು ಹಾಗೆ ಕೇಳಿಸಿಕೊಳ್ಳುವುದು.

"ಸಾಕಲ್ಲ? ನಡೀತಲ್ಲ?" ಎಂದು ನಾನು ಕಿಟಕಿಯಿಂದ ಕೂಗಿದೆ.

"ಒಂದು ತಾಸು ನಡೀಬೇಕು."

ಹನ್ನೊಂದೂವರೆಗೆ ಎರಡು ನಿಮಿಷ ಇತ್ತು. ಗೋಡೆಯಾಚೆ ಓರಗಿತ್ತಿ ಹಿತ್ತಿಲ ಬಾಗಿಲು ತೆಗೆದ ಸದ್ದು ಕೇಳಿತು. ಓಡಿ ಹೋಗಿ ಇವತ್ತೊಂದು ದಿನ ಬೇಡ ಅಕ್ಕಾ ಎನ್ನಬಹುದಿತ್ತು. ಎರಡು ಹಿತ್ತಿಲಿನ ಮಧ್ಯೆ ಹತ್ತು ಹೆಜ್ಜೆ ಇರಬಹುದು. ನಾನು ಫ್ರಿಜ್ಜಿನ ಹಿಡಿಕೆ ಹಿಡಿದು ನಿಂತೆ.

ಮೊದಲು ಟ್ಯೂಬ್‌ಲೈಟು ಸಣ್ಣಗಾಯಿತು. ಹೊರಗೆ ಜನರೇಟರಿನ ಸದ್ದು ಭಾರ ಹೊತ್ತವರ ನರಳಾಟದಂತೆ ಕೆಳಗಿಳಿಯಿತು. "ರಾವ್, ರಾವ್" ಎಂದು ಅವರು ಕೊಂಕಣಿಯಲ್ಲಿ ಯಂತ್ರಕ್ಕೋ ಮನುಷ್ಯರಿಗೋ ನಿಲ್ಲು ಎಂದು ಕೂಗುತ್ತಿದ್ದಂತೆಯೇ ಎಲ್ಲ ನಿಂತಿತು. ಆಮೇಲೆ ಅತ್ತೆಯ ಕೋಣೆಯಿಂದ ಆ ಕೀರಲು ಸದ್ದು, ಯಂತ್ರ ನಿಂತಾಗ ಅದು ತಾನೇ ಕೂಗಿಕೊಳ್ಳುವ ಸದ್ದು.

ನಾನು ನಳಿಕೆಯನ್ನು ಯಂತ್ರದಿಂದ ಕಿತ್ತು ಸಿಲಿಂಡರಿಗೆ ಸಿಕ್ಕಿಸಿದೆ. ಆಸ್ಪತ್ರೆಯ ನರ್ಸು ಹತ್ತು ಸಲ ತೋರಿಸಿದ್ದರು. ಆದರೆ ಸಿಲಿಂಡರಿನ ಕೀಲಿ ತಿರುಗಲಿಲ್ಲ. ಎರಡೂ ಕೈ ಹಾಕಿದೆ, ತಿರುಗಲಿಲ್ಲ. ಅತ್ತೆ ಎದ್ದು ಕುಳಿತು ಮಂಚದ ಅಂಚು ಹಿಡಿದಿದ್ದರು. ಅವರ ಉಗುರು ನೇರಳೆಯಾಗುತ್ತಿರುವುದು ಕಾಣುತ್ತಿತ್ತು. ಅವರು ನನ್ನನ್ನು ಬೈಯಲಿಲ್ಲ, ನೋಡುತ್ತಿದ್ದರು, ಅಷ್ಟೇ. ಹಿಂದಿನಿಂದ ಒದ್ದೆ ಕೈಯೊಂದು ಬಂದು ನನ್ನ ಕೈಯನ್ನು ಸರಿಸಿ, ಕೀಲಿಯನ್ನು ಒಂದೇ ಸಲಕ್ಕೆ ತಿರುಗಿಸಿತು. ಸುಯ್ ಎಂದು ಗಾಳಿ ಹೊರಟಿತು. ಜನರೇಟರ್‌ನವರು ಅತ್ತೆಯ ಉಗುರನ್ನೇ ನೋಡುತ್ತ ನಿಂತರು, ಅದು ತಿರುಗಿ ಕೆಂಪಾಗುವ ತನಕ. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದರು.

"ಯಾರೋ ಏನೋ ಹಾಕಿದ್ರು. ಸಣ್ಣದಲ್ಲ. ಒಂದು ಎಚ್‌ಪಿ ಮೋಟ್ರು. ಕೈಗೆ ಗೊತ್ತಾಯ್ತು. ಎಂತದು ಅದು?"

ನನ್ನ ಗಂಡ ಬಾಗಿಲಲ್ಲಿ ನಿಂತಿದ್ದರು. ನಾನು ಮೆಲ್ಲಗೆ, "ಪಂಪು" ಎಂದೆ.

"ಎಂತದು? ಜೋರಾಗಿ ಹೇಳಿ ತಂಗಿ. ಈ ಕಿವಿ ಬೋಟಿಗೇ ಕೊಟ್ಟಾಗದೆ."

"ಬಾವಿ ಪಂಪು."

"ಆಂ?"

ಆಗ ನಾನು ಕೂಗಿದೆ. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. "ಬಾವಿಯ ಪಂಪು. ಸ್ವಿಚ್ಚು ಭಾವನವರ ಮನೇಲಿ. ಕರೆಂಟು ನಮ್ದು. ನಾ ಬೇಕಂತಲೇ ಬರೀಲಿಲ್ಲ."

ಗೋಡೆಯಾಚೆ ಪಾತ್ರೆ ಉಜ್ಜುತ್ತಿದ್ದ ಸದ್ದು ನಿಂತಿತು. ಟಕ್ ಎಂದು ಸ್ವಿಚ್ಚು ಆರಿಸಿದ್ದು ಕೇಳಿತು.

ಅವರು ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕಿಸೆಯಿಂದ ಟೆಸ್ಟರು ತೆಗೆದುಕೊಂಡು ಗೋಡೆಯ ಉದ್ದಕ್ಕೂ ವಯರಿನ ದಾರಿ ಹುಡುಕುತ್ತ ಹೋದರು. ಅತ್ತೆಯ ಕೋಣೆ ಬಾವಿಯ ಪಕ್ಕದ್ದು. ಅದಕ್ಕೂ ಪಂಪಿಗೂ ಹಳೆಯ ಕಾಲದ ಒಂದೇ ವಯರು. ಅದು ಎರಡಾಗುವ ಡಬ್ಬಿ ಇರುವುದು ಭಾವನವರ ಹಿತ್ತಿಲ ಜಗುಲಿಯ ಮಾಡಿನ ಕೆಳಗೆ. ಅದನ್ನು ಬಿಚ್ಚಿ ಪಂಪನ್ನು ಬೇರೆ ಮಾಡಿದರೆ ಎರಡೂವರೆಯೇ ಸಾಕು ಎಂದರು.

"ಅವ್ರ ಮನೆಗೆ ಹೋಗೂದು ಬೇಡ" ಎಂದರು ನನ್ನ ಗಂಡ. "ಹೊಸ ವಯರು ಎಳೀರಿ."

"ಎಳೀಬಹುದು. ಚಿರೇಕಲ್ಲಿನ ಗೋಡೆ ಕೊರೀಬೇಕು. ಉಸಿರಿಲ್ದವ್ರ ತಲೆ ಮೇಲೆ ಧೂಳು ಹಾರಿಸ್ಲಾ?"

"ಹಂಗಾರೆ ಐದು ಕೆವಿಎ ತನ್ನಿ. ಪಂಪೂ ಎಳೀತದಲ್ಲ."

ಅವರು ಟೆಸ್ಟರನ್ನು ಕಿಸೆಗೆ ಸಿಕ್ಕಿಸಿದರು. ಕಿವಿ ಕೇಳದವರ ಮಾತು ಯಾವಾಗಲೂ ಒಂದು ಸ್ವರ ಮೇಲೇ. ಅಂದು ಇನ್ನೂ ಮೇಲಿತ್ತು.

"ಐದು ತಂದ್ರೂ ಪಂಪು ಏಳೂವಾಗ ಒಂದು ಜರ್ಕು ಹೊಡೀತದೆ, ಆಯಿ ಮಶೀನು ನಿಂತ್ರೂ ನಿಂತ್ತು. ಉಳಿದ ಹೊತ್ತು ಹೊಟ್ಟೆಗಿಲ್ದೆ ಮಸಿ ಕಟ್ತದೆ. ಇದೆಲ್ಲ ಬಿಡಿ. ಸಾಹೇಬ್ರೆ, ಅಣ್ಣನ ಹತ್ರ ಎರಡು ಮಾತು ಆಡೂಕೆ ಹೆದರಿ ಎರಡೂವರೆ ಕೆವಿಎ ಜಾಸ್ತಿ ತಗೊಂಬೂದಾ? ಇಷ್ಟು ವರ್ಷದಲ್ಲಿ ಇದಕ್ಕೆ ನಾ ಜನರೇಟರ್ ಕೊಟ್ಟದ್ದಿಲ್ಲ."

ನನ್ನ ಗಂಡನ ಮುಖ ಕಪ್ಪಾಯಿತು. "ನಾ ಹೋಗೂದಿಲ್ಲ" ಎಂದಷ್ಟೇ ಹೇಳಿ ಜಗುಲಿಗೆ ನಡೆದರು. ವಯರಿನ ಕೆಲಸ ಮುಗಿಯುವ ತನಕ ಮೇನ್ ಸ್ವಿಚ್ಚು ಹಾಕುವಂತಿರಲಿಲ್ಲ, ಸಿಲಿಂಡರಿನ ಮುಳ್ಳು ಅರ್ಧಕ್ಕಿಂತ ಕೆಳಗಿತ್ತು. ಪರೀಕ್ಷೆ ಮುಗಿಯದೆ ಜನರೇಟರನ್ನು ಬಿಟ್ಟು ಹೋಗುವುದಿಲ್ಲ, ಟೆಂಪೋದಲ್ಲಿ ವಾಪಸು ಒಯ್ಯುತ್ತೇನೆ ಎಂದು ಅವರು ಹೇಳಿದರು. ಬೆದರಿಕೆಯಲ್ಲ, ಅವರು ಹಾಗೇ. ಪಡುವಣದಲ್ಲಿ ಆಕಾಶ ಮಸಿಯಂತಿತ್ತು. ಅವರು ನನ್ನನ್ನೇ ನೋಡುತ್ತಿದ್ದರು.

"ತಂಗಿ, ಹಾಳೇಲಿ ಬಿಟ್ಟವ್ರು ನೀವು. ನೀವೇ ಹೋಗೂದು ಚಲೋ."

ಕೊಡೆ ತೆಗೆದುಕೊಳ್ಳಲು ಮರೆತು ಹೊರಟೆ. ಓರಗಿತ್ತಿ ತಮ್ಮ ಹಿತ್ತಿಲ ಬಾಗಿಲಲ್ಲಿ, ಕೈಯ ಸಾಬೂನಿನ ನೊರೆ ಒರೆಸಿಕೊಳ್ಳದೆ ನಿಂತಿದ್ದಳು.

"ಬಾ. ಎಲ್ಲಾ ಕೇಳ್ತು" ಎಂದಳು. "ಬಾವಿ ಒಂದು ಉಳಿದಿತ್ತು. ಅದೂ ಪಾಲು ಮಾಡೂಕೆ ಬಂದ್ಯಾ?"

"ಪಾಲಲ್ಲ ಅಕ್ಕಾ. ಕರೆಂಟು ಹೋದಾಗ ಮಾತ್ರ ಪಂಪು ಬೇಡ. ಅತ್ತೆ ಮಶೀನು ನಿಲ್ತದೆ. ಈಗ ನಿಂತಿತ್ತು."

"ಅದನ್ನ ಮೊದ್ಲೇ ಬಂದು ಹೇಳೂಕೆ ಬಾಯಿ ಇರ್ಲಿಲ್ವಾ? ನಾ ಪಂಪು ಹಾಕಿ ಅತ್ತೆ ಉಸಿರು ನಿಂತ್ರೆ ಊರು ಯಾರಿಗೆ ಹೇಳ್ತಿತ್ತು? ನಿನ್ಗಾ, ನನ್ಗಾ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಗಂಡನ ಮುಖ, ಭಾವನ ಮುಖ, ಎಲ್ಲ ಯೋಚಿಸಿದ್ದೆ. ಇವಳ ಕೈಯಲ್ಲಿ ಆ ಸ್ವಿಚ್ಚು ಇದೆ ಎಂಬುದು ಹೊಳೆದಿರಲಿಲ್ಲ. ಮಳೆಯಲ್ಲಿ ನಿಂತುಕೊಂಡೇ, "ತಪ್ಪಾಯ್ತು" ಎಂದೆ.

ಒಳಗಿನಿಂದ ಭಾವ ಒಂದು ಮರದ ಸ್ಟೂಲು ಎತ್ತಿಕೊಂಡು ಬಂದರು. ನನ್ನನ್ನು ನೋಡಲಿಲ್ಲ. ಡಬ್ಬಿಯ ಕೆಳಗೆ ಸ್ಟೂಲು ಇಟ್ಟು, ಅಲುಗಾಡುತ್ತದೋ ಎಂದು ಒತ್ತಿ ನೋಡಿ, "ಅವ್ರನ್ನ ಕರಿ. ತುಕ್ಕು ಹಿಡ್ದದೆ, ಎಣ್ಣೆ ತರೂಕೆ ಹೇಳು" ಎಂದರು.

ಡಬ್ಬಿ ಬಿಚ್ಚಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಭಾವ ಸ್ಟೂಲು ಹಿಡಿದು ನಿಂತಿದ್ದರು. ಪರೀಕ್ಷೆ ಮತ್ತೆ ಮೊದಲಿನಿಂದ ಶುರುವಾಗಿ ಒಂದು ತಾಸು ಪೂರ್ತಿ ನಡೆಯಿತು. ಕೈ ಒರೆಸಿಕೊಳ್ಳುತ್ತ ಅವರು, "ಜಾಲೆಂ" ಎಂದರು. ಆಯಿತು ಎಂದು. ನಮ್ಮ ಮನೆಯ ಅಳತೆ ಎರಡೂವರೆ ಎಂದು ತೀರ್ಮಾನವಾದದ್ದು ಹೀಗೆ.

ಅವರು ಸಿಹಿ ಮಾತಿನವರಲ್ಲ. ಹೊರಡುವಾಗ, ಸಿಲಿಂಡರಿನ ಕೀಲಿಗೆ ವಾರಕ್ಕೊಮ್ಮೆ ಕೈ ಹಾಕಿ ತಿರುಗಿಸಿ ನೋಡಬೇಕು, ಎಣ್ಣೆ ಮಾತ್ರ ಮುಟ್ಟಿಸಬಾರದು, ಆಮ್ಲಜನಕಕ್ಕೆ ಎಣ್ಣೆ ತಾಗಿದರೆ ಬೆಂಕಿ ಎಂದು ಮೂರು ಸಲ ಹೇಳಿ, ನನ್ನಿಂದ ಒಮ್ಮೆ ಹೇಳಿಸಿಕೊಂಡರು. ಚಹಾ ಕೊಟ್ಟರೆ ಬಸಿಗೆ ಸುರಿದು ಊದಿ ಕುಡಿದರು. ಸಕ್ಕರೆ ಕಡಿಮೆಯಾಗಿದೆ ಎಂದೂ ಹೇಳಿದರು.

ಆಗಸ್ಟ್ ಮೊದಲ ವಾರ ಹೆದ್ದಾರಿಯ ಬದಿಯ ಮರಗಳು ಸಾಲಾಗಿ ಲೈನಿನ ಮೇಲೆ ಬಿದ್ದವು. ಕರೆಂಟು ಹೋಗಿ ಒಂದು ದಿನ ಕಳೆಯಿತು. ಜನರೇಟರನ್ನು ಐದು ತಾಸಿಗೊಮ್ಮೆ ನಿಲ್ಲಿಸಿ ಅರ್ಧ ತಾಸು ಆರಲು ಬಿಡಬೇಕು, ಆ ಅರ್ಧ ತಾಸು ಸಿಲಿಂಡರು. ನಾನು ಗೋಡೆಗೆ ಒರಗಿ ಮುಳ್ಳು ನೋಡುತ್ತಿದ್ದೆ. ಪ್ರತಿ ಸಲ ಅದು ಒಂದಿಷ್ಟು ಕೆಳಗೆ. ಎರಡನೆಯ ದಿನ ಬೆಳಿಗ್ಗೆ ನಿಲ್ಲಿಸಿದ ಯಂತ್ರ ಮತ್ತೆ ಏಳಲಿಲ್ಲ. ನನ್ನ ಗಂಡ ಹಗ್ಗ ಎಳೆದೂ ಎಳೆದೂ ಅಂಗೈ ಸುಲಿದುಕೊಂಡರು. ದೂರವಾಣಿ ಸತ್ತಿತ್ತು. ಕಾರವಾರದ ಬಸ್ಸು ಓಡುತ್ತಿದೆಯೋ ಇಲ್ಲವೋ ಯಾರಿಗೂ ತಿಳಿಯದು.

ಆ ಹೊತ್ತಿಗೆ ಭಾವ ಗೇಟು ದಾಟಿ ಬಂದು ಜನರೇಟರಿನ ಮೇಲೆ ದೊಡ್ಡ ಕೊಡೆ ಹಿಡಿದು ನಿಂತರು. ತಗಡು ಗಾಳಿಗೆ ಹಾರಿಹೋಗಿತ್ತು. ಯಾರೂ ಯಾರನ್ನೂ ಮಾತಾಡಿಸಲಿಲ್ಲ. ಹತ್ತು ನಿಮಿಷಕ್ಕೆ ದಾರಿಯಲ್ಲಿ ಒಂದು ಲಾರಿ ನಿಂತಿತು. ಅದರಿಂದ ನಮ್ಮ ಜನರೇಟರ್‌ನವರು ಚೀಲ ಸಮೇತ ಇಳಿದರು. ತೋಡೂರಿನಿಂದ ಸಿಕ್ಕಿದ ಗಾಡಿ ಹತ್ತಿ, ಮರ ಬಿದ್ದಲ್ಲಿ ನಡೆದು ಬಂದಿದ್ದರು.

"ಆಯಿ ಇರೂ ಮನೆ ಮೊದ್ಲು ಅಂತ ಬಂದೆ" ಎಂದು ಯಂತ್ರದ ಮುಂದೆ ಕುಳಿತೇಬಿಟ್ಟರು. ಡೀಸೆಲ್ ಫಿಲ್ಟರಿನ ಬಟ್ಟಲು ಬಿಚ್ಚಿದರು. ನೀರು ಹೊಕ್ಕಿತ್ತು.

ಭಾವ ಮೆಲ್ಲಗೆ ಅವರಿಗೆ, "ಡೀಸೆಲ್ ಹೊಯ್ಯೂವಾಗ ಮಳೆ ನೀರು ಬಿತ್ತು ಕಾಣ್ತದೆ. ಅವ್ನಿಗೆ ಹೇಳಿ, ಕೊಡೆ ಕೆಳಗೇ ಹೊಯ್ಯೂಕೆ" ಎಂದರು.

ನನ್ನ ಗಂಡ, "ಕೊಡೆ ಇನ್ನೂ ಈಚೆ ಹಿಡೀಬೇಕು ಅಂತ ಅವ್ರಿಗೇ ಹೇಳಿ" ಎಂದರು.

ಅವರು ಬಗ್ಗಿದ ತಲೆ ಎತ್ತದೆ, "ನೀವು ನೀವೇ ಹೇಳ್ಕೊಳ್ಳಿ. ನಂಗೆ ಕೇಳೂದಿಲ್ಲ" ಎಂದರು.

ಹಲಸಿನ ಮರದಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಕಿಟಕಿಯಲ್ಲಿ ಒಂದು ಕೈಯಿಂದ ಸರಳು ಹಿಡಿದು, ಇನ್ನೊಂದರಲ್ಲಿ ಅತ್ತೆಯ ಬೆರಳು ಹಿಡಿದು ನಿಂತಿದ್ದೆ. ಮುಳ್ಳು ಕೆಂಪು ಗೆರೆಗೆ ಬಂದಿತ್ತು.

"ಈಚೆ ಹಿಡಿ ಅಣ್ಣಾ" ಎಂದರು ನನ್ನ ಗಂಡ.

ಕೊಡೆ ಈಚೆ ಬಂತು. ಅವರು ಬಟ್ಟಲಿನ ನೀರು ಚೆಲ್ಲಿ, ತಮ್ಮ ಅಂಗಿಯ ಒಳಗಿನ ಒಣ ಭಾಗಕ್ಕೆ ಒರೆಸಿ ಹಾಕಿ, ಹಗ್ಗವನ್ನು ಭಾವನ ಕೈಗೆ ಕೊಟ್ಟರು. ಎರಡನೆಯ ಎಳೆತಕ್ಕೆ ಎದ್ದಿತು. ನಾನು ಒಂದು ಎಂದು ಬರೆದ ಸ್ವಿಚ್ಚು ಒತ್ತಿದೆ.

ಕರೆಂಟು ಬಂದದ್ದು ಮರುದಿನ ಮಧ್ಯಾಹ್ನ. ಆ ಮಳೆಗಾಲವನ್ನು ಅತ್ತೆ ದಾಟಿದರು. ದೀಪಾವಳಿಗೆ ಎರಡೂ ಮನೆಯಿಂದ ಅವರ ಮಂಚಕ್ಕೆ ಸಿಹಿ ಅವಲಕ್ಕಿ ಹೋಯಿತು. ಅಣ್ಣ ತಮ್ಮ ಮೊದಲಿನಂತಾದರು ಎಂದು ಹೇಳಲಾರೆ. ಬೇಕಾದಷ್ಟು ಮಾತಾಡುವಂತಾದರು.

ಫೆಬ್ರುವರಿಯ ಒಂದು ಮಧ್ಯಾಹ್ನ, ಆಕಾಶ ತಿಳಿಯಾಗಿದ್ದಾಗ, ಕರೆಂಟು ಇದ್ದಾಗಲೇ, ಯಂತ್ರ ಗುರುಗುಟ್ಟುತ್ತಿರುವಾಗಲೇ ಅತ್ತೆ ಹೋದರು. ಕ್ರಿಯೆ ಎಲ್ಲ ಮುಗಿದು ಒಂದು ವಾರಕ್ಕೆ ಜನರೇಟರ್‌ನವರು ಬಂದರು. ಯಾರೂ ಕರೆದಿರಲಿಲ್ಲ. ಅತ್ತೆಯ ಕೋಣೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರು. ಯಂತ್ರ ಹುಬ್ಬಳ್ಳಿಗೆ ಹೋಗಿಯಾಗಿತ್ತು, ನೆಲದಲ್ಲಿ ಅದರ ನಾಲ್ಕು ಚಕ್ರದ ಗುರುತು ಇತ್ತು. ಆಮೇಲೆ ಹಿತ್ತಿಲಿಗೆ ಹೋಗಿ ಜನರೇಟರಿನ ಹೊದಿಕೆ ತೆಗೆದು ನೋಡಿದರು.

"ಮುಂದಿನ ಮಳೆಗಾಲಕ್ಕೆ ಇರ್ಲಿ ಬಿಡಿ" ಎಂದೆ ನಾನು. ಅದನ್ನು ಕಳಿಸಲು ನನಗೆ ಮನಸ್ಸಿರಲಿಲ್ಲ.

ಅವರಿಗೆ ಕೇಳಿಸಿತೋ ಇಲ್ಲವೋ. ಎಣ್ಣೆಯ ಮುಚ್ಚಳ ಬಿಗಿ ಮಾಡುತ್ತ ಹೇಳಿದರು:

"ದೇವಬಾಗದಲ್ಲಿ ಒಂದು ಮನೇಲಿ ನಿಮ್ಮಂಥದ್ದೇ ಮಶೀನು ಬಂದದೆ. ಅವ್ರಿಗೆ ಎರಡೂವರೆ ಸರಿ ಆಗ್ತದೆ. ನಿಮ್ಗೆ ಇನ್ನು ಒಂದು ಇನ್ವರ್ಟರ್ ಸಾಕು, ತಂಗಿ. ಈ ಮನೆಗೆ ಇದು ಈಗ ದೊಡ್ಡದಾಯ್ತು."